ಮನೆಯಲ್ಲಿ ಕಟ್ಟಿದ ಇಂಜಿನು

ರಾಜ್ಯೋತ್ಸವದ ಸಂಚಿಕೆಗೆ ಲೇಖನ ಕೇಳುವಾಗ ನಮ್ಮ ಸಂಘದ ಹಿರಿಯರು ಸೂಚಿಸುವ ವಿಷಯಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕದಂಬರು, ಹೊಯ್ಸಳರು, ಏಕೀಕರಣ, ಮದರಾಸಿನ ಕನ್ನಡ ಅಚ್ಚುಕೂಟಗಳು, ಉಡುಪಿ ಹೋಟೆಲುಗಳು. ಇವೆಲ್ಲ ಬರೆಯತಕ್ಕ ವಿಷಯಗಳೇ. ನನಗಿಂತ ಚೆನ್ನಾಗಿ ಬಲ್ಲವರು ಬರೆದೂ ಇದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿರುವವನು. ಶಾಸನ ಓದಲು ಬಾರದು. ಆದರೆ ಲೆಕ್ಕ ಬರುತ್ತದೆ, ಮತ್ತು ನಮ್ಮ ಮನೆಯಲ್ಲಿ ಎರಡು ಹಳೆಯ ನೋಟುಬುಕ್ಕುಗಳಿವೆ. ಅವುಗಳಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿರುವುದು ಕವಿತೆಯಲ್ಲ, ಮೋಟಾರು ಇಂಜಿನುಗಳ ಅಳತೆ. ಮೊದಲು ಐದಿದ್ದವು. ಮೂರನ್ನು ಮನೆ ಬದಲಾಯಿಸುವಾಗ ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕಿದೆವು. ಹಾಕಿದವನು ನಾನೇ. ಈ ಲೇಖನಕ್ಕೆ ಕಾರಣ ಅದೂ ಹೌದು.

ನೋಟುಬುಕ್ಕುಗಳು ನಮ್ಮ ತಂದೆಯವರವು. ತಿಪಟೂರಿನವರು, ೧೯೭೬ರಲ್ಲಿ ಐ.ಟಿ.ಐ. ಮುಗಿಸಿ ಮದರಾಸಿಗೆ ಬಂದು ಅಂಬತ್ತೂರು ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತು ಹಿಡಿದರು. ವಾರದ ಆರು ದಿನ ಕಾರ್ಖಾನೆಯ ಕೆಲಸ. ಭಾನುವಾರ ಮತ್ತು ರಾತ್ರಿಯ ಹೊತ್ತು ಬೇರೆಯವರ ಕೆಲಸ: ಶೋಲಾವರದಲ್ಲಿ ಕಾರು ಓಡಿಸುವ ಶ್ರೀಮಂತರ ಮಕ್ಕಳಿಗೆ ಇಂಜಿನು ಕಟ್ಟಿಕೊಡುವುದು.

ಶೋಲಾವರ ಎಂದೊಡನೆ ಇಂದಿನ ಮಕ್ಕಳಿಗೆ ಚೆನ್ನೈಗೆ ಕುಡಿಯುವ ನೀರು ಕೊಡುವ ಕೆರೆ ನೆನಪಾದೀತು. ರೆಡ್ ಹಿಲ್ಸ್ ದಾಟಿ ಕಲ್ಕತ್ತೆಯ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗುವ ಆ ಊರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಯುವ ಒಂದು ಪಟ್ಟಿಯನ್ನು ಹಾಸಿದ್ದರು. ಯುದ್ಧ ಮುಗಿದ ಮೇಲೆ ಅದು ಖಾಲಿ ಬಿದ್ದಿತ್ತು. ೧೯೫೩ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾಯಿತು; ಆ ದಶಕದಿಂದ ಮೊದಲುಗೊಂಡು ೧೯೮೦ರ ದಶಕದ ಕೊನೆಯವರೆಗೆ ಭಾರತದ ಮೋಟಾರು ಓಟಗಳ ಹೆಸರು ಎಂದರೆ ಶೋಲಾವರ. ಸಹಸ್ರಾರು ಜನ ಬಿಸಿಲಿನಲ್ಲಿ ನಿಂತು ನೋಡುತ್ತಿದ್ದರು. ನೋಡುವವರಿಗೆ ಚಾಲಕನ ಹೆಸರು ಗೊತ್ತು, ಕಾರಿನ ಬಣ್ಣ ಗೊತ್ತು. ಒಳಗಿನ ಇಂಜಿನನ್ನು ಯಾವ ಓಣಿಯ ಯಾವ ತಗಡಿನ ಮನೆಯಲ್ಲಿ ಯಾರು ಬಿಚ್ಚಿ ಕಟ್ಟಿದರೆಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಇಂಜಿನು ಕಟ್ಟುವ ಕಥೆಗೆ ಮದರಾಸು ಹೊಸದೇನಲ್ಲ. ಇಲ್ಲಿನ ಸಿಂಪ್ಸನ್ ಕಂಪನಿಯಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬಾತ ೧೯೦೩ರಲ್ಲೇ ಒಂದು ಆವಿ ಮೋಟಾರುಗಾಡಿಯನ್ನು ಕಟ್ಟಿ ರಸ್ತೆಗಿಳಿಸಿದ್ದ. ಕುದುರೆಗಾಡಿ ಮಾಡುತ್ತಿದ್ದ ಮನೆಯದು. ಆದರೆ ನಾನು ಹೇಳಹೊರಟಿರುವುದು ಹೆಚ್ಚು ಬಲದ ಇಂಜಿನಿನ ವಿಚಾರ, ಅದರಲ್ಲೂ ಟರ್ಬೊ ಎಂಬುದನ್ನು ಹೊತ್ತ ಇಂಜಿನಿನ ವಿಚಾರ. ಅದಕ್ಕೆ ಮೊದಲು ಸ್ವಲ್ಪ ದೂರ ಸುತ್ತಿ ಬರಬೇಕು, ಬೆಂಗಳೂರಿನ ಮೇಲಾಗಿ.

ಮೋಟಾರು ಇಂಜಿನು ಮೂಲತಃ ಉಸಿರಾಡುವ ಯಂತ್ರ. ಎಷ್ಟು ಗಾಳಿ ಎಳೆದುಕೊಳ್ಳುತ್ತದೆಯೋ ಅಷ್ಟಕ್ಕೆ ತಕ್ಕ ಪೆಟ್ರೋಲು ಉರಿಯುತ್ತದೆ; ಅಷ್ಟೇ ಬಲ. ಹೆಚ್ಚು ಬಲ ಬೇಕಾದರೆ ಇಂಜಿನನ್ನು ದೊಡ್ಡದು ಮಾಡಬೇಕು, ಇಲ್ಲವೆ ಅದರ ಬಾಯಿಗೆ ಗಾಳಿಯನ್ನು ಬಲವಂತವಾಗಿ ತುಂಬಬೇಕು. ಉರಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಕೊಳವೆಯಿಂದ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಹಾಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನಿಗೆ ಊಡಿಸಿದರೆ ಹೇಗೆ ಎಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬೂಶಿ. ಅವನು ಪೇಟೆಂಟು ಪಡೆದದ್ದು ೧೯೦೫ರಲ್ಲಿ. ಮನೆಯ ಮಜ್ಜಿಗೆಯ ನೀರನ್ನು ತೆಂಗಿನ ಬುಡಕ್ಕೆ ಹಾಕುವ ನಮ್ಮ ಹೆಂಗಸರಿಗೆ ಈ ಯುಕ್ತಿ ಬೇಗ ಅರ್ಥವಾದೀತು.

ಯುಕ್ತಿ ಮೊದಲು ಉಪಯೋಗಕ್ಕೆ ಬಂದದ್ದು ರಸ್ತೆಯಲ್ಲಲ್ಲ, ಆಕಾಶದಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ವಿಮಾನದ ಇಂಜಿನು ಏದುಸಿರು ಬಿಡುತ್ತದೆ. ೧೯೧೮ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಎಂಬಾತ ಒಂದು ಲಿಬರ್ಟಿ ವಿಮಾನ ಇಂಜಿನನ್ನು ಲಾರಿಯ ಮೇಲೆ ಹೇರಿಕೊಂಡು ಪೈಕ್ಸ್ ಪೀಕ್ ಎಂಬ ಹದಿನಾಲ್ಕು ಸಾವಿರ ಅಡಿಗೂ ಮಿಕ್ಕ ಪರ್ವತದ ನೆತ್ತಿಗೆ ಒಯ್ದ. ಕೆಳಗೆ ೩೫೦ ಅಶ್ವಶಕ್ತಿ ಕೊಡುತ್ತಿದ್ದ ಇಂಜಿನು ಅಲ್ಲಿ ೨೩೦ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ ೩೫೬ ಕೊಟ್ಟಿತು.

ಇನ್ನು ಬೆಂಗಳೂರು. ೧೯೪೦ರ ಡಿಸೆಂಬರ್ ೨೩ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಯುದ್ಧ ಬಿಸಿಯೇರಿದಾಗ, ೧೯೪೩ರಲ್ಲಿ, ಕಾರ್ಖಾನೆ ಅಮೆರಿಕದ ಸೇನಾ ವಿಮಾನದಳದ ಕೈಗೆ ಹೋಯಿತು. ಅಲ್ಲಿಯವರೆಗೆ ರಾಗಿ ಹೊಲಗಳಿದ್ದ ಕಡೆ ನಮ್ಮ ಹಳ್ಳಿಗಳ ಹುಡುಗರು ವಿಮಾನದ ಇಂಜಿನುಗಳನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕಟ್ಟುವುದನ್ನು ಕಲಿತರು.

ಯುದ್ಧ ಮುಗಿದಾಗ ಕಾನಪುರದ ವಿಮಾನ ನಿಲ್ದಾಣದಲ್ಲಿ ಬಿ-೨೪ ಲಿಬರೇಟರ್ ಎಂಬ ದೊಡ್ಡ ಬಾಂಬು ವಿಮಾನಗಳು ಸಾಲುಸಾಲಾಗಿ ಬಿದ್ದಿದ್ದವು. ಒಂದೊಂದಕ್ಕೆ ನಾಲ್ಕು ಇಂಜಿನು; ಒಂದೊಂದು ೧೨೦೦ ಅಶ್ವಶಕ್ತಿಯದು; ಒಂದೊಂದರ ಹಿಂದೆ ಒಂದು ಟರ್ಬೊ. ಅಮೆರಿಕದಿಂದ ಎರವಲು ಬಂದ ಆ ವಿಮಾನಗಳು ಮತ್ತೆ ಯಾರಿಗೂ ಉಪಯೋಗಕ್ಕೆ ಬರಬಾರದೆಂಬುದು ಒಪ್ಪಂದದ ಷರತ್ತು. ಆದುದರಿಂದ ಬಿಟ್ಟುಹೋಗುವಾಗ ಅವುಗಳನ್ನು ಕೆಡಿಸಿ ಹೋದರು. ಲಾರಿಯಿಂದ ಗುದ್ದಿಸಿದರೆಂದೂ ಇಂಜಿನುಗಳಿಗೆ ಮರಳು ಸುರಿದರೆಂದೂ ಹೇಳುತ್ತಾರೆ. ಸ್ವತಂತ್ರ ಭಾರತಕ್ಕೆ ಆಗ ಭಾರಿ ಬಾಂಬು ವಿಮಾನ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ೧೯೪೮ರಲ್ಲಿ ಬೆಂಗಳೂರಿನ ಕಾರ್ಖಾನೆಗೆ ಈ ಗುಜರಿಯನ್ನು ಒಪ್ಪಿಸಿದರು. ಹಾರಲು ಯೋಗ್ಯವಾಗುವಷ್ಟು ಮಾತ್ರ ಅಲ್ಲೇ ರಿಪೇರಿ ಮಾಡಿ, ಕಂಪನಿಯ ಪರೀಕ್ಷಕ ಪೈಲಟ್ ಜಮ್‌ಶೆಡ್ ಮುನ್ಷಿಯವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವುಗಳ ಪುನರ್ಜನ್ಮವಾಯಿತು. ಸುಮಾರು ನಲವತ್ತು ವಿಮಾನಗಳು! ಅದೇ ವರ್ಷದ ನವೆಂಬರಿನಲ್ಲಿ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಅವುಗಳಿಂದ ರೂಪುಗೊಂಡಿತು. ಲಿಬರೇಟರುಗಳು ೧೯೬೮ರವರೆಗೆ ಸೇವೆಯಲ್ಲಿದ್ದವು. ಭಾರತದಿಂದ ಹೋದ ಲಿಬರೇಟರುಗಳನ್ನು ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲೂ ಅಮೆರಿಕದ ಅರಿಜೋನಾ ರಾಜ್ಯದ ಪಿಮಾ ಸಂಗ್ರಹಾಲಯದಲ್ಲೂ ನೋಡಬಹುದು. ಅವುಗಳ ಬೋಲ್ಟುಗಳನ್ನು ಬಿಗಿದವರ ಹೆಸರು ಮಾತ್ರ ಎಲ್ಲೂ ನೋಡಸಿಗದು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಟರ್ಬೊ ಇಂಜಿನನ್ನು ಬಿಚ್ಚಿ ಕಟ್ಟುವ ವಿದ್ಯೆ ಕನ್ನಡ ನಾಡಿಗೆ ಎಂಬತ್ತು ವರ್ಷಗಳ ಹಿಂದೆಯೇ ಬಂದಿತ್ತು. ರಸ್ತೆಯ ಕಾರುಗಳಿಗೆ ಟರ್ಬೊ ಬಂದದ್ದು ಅದಕ್ಕಿಂತ ಎಷ್ಟೋ ಈಚೆಗೆ: ಅಮೆರಿಕದ ಓಲ್ಡ್ಸ್‌ಮೊಬೀಲ್ ಮತ್ತು ಶೆವ್ರೊಲೆ ಕಂಪನಿಗಳು ೧೯೬೨ರಲ್ಲಿ ಮಾರಾಟಕ್ಕಿಟ್ಟವೇ ಮೊದಲು.

ಮತ್ತೆ ಶೋಲಾವರಕ್ಕೆ ಬರೋಣ. ನಮ್ಮಲ್ಲಿ ಅಂದು ಸಿಗುತ್ತಿದ್ದ ಕಾರುಗಳು ಮೂರೇ ಎಂದರೂ ನಡೆಯುತ್ತದೆ: ಅಂಬಾಸಿಡರ್, ಫಿಯಟ್, ಮತ್ತು ಮದರಾಸಿನ ಹೊರವಲಯದ ಪೆರುಂಗಳತ್ತೂರಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್. ೧೯೬೧ರಲ್ಲಿ ಬಂದ ಸ್ಟ್ಯಾಂಡರ್ಡ್ ಹೆರಾಲ್ಡಿನ ಇಂಜಿನು ೯೪೮ ಸಿ.ಸಿ.ಯದು. ಫಿಯಟ್ಟಿನದು ೧೦೮೯. ಆಮದು ಎಂಬುದು ಆಗ ಕನಸಿನ ಮಾತು. ಪರ್ಮಿಟ್ಟಿಲ್ಲದೆ ಒಂದು ಒಳ್ಳೆಯ ಪಿಸ್ಟನ್ ಕೂಡ ಹೊರದೇಶದಿಂದ ತರಿಸುವ ಹಾಗಿರಲಿಲ್ಲ. ಓಡಿಸುವ ಆಸೆಯಿದ್ದವನು ಇದೇ ಇಂಜಿನುಗಳನ್ನು ಮನೆಯಲ್ಲಿ ಹದಗೊಳಿಸಿಕೊಳ್ಳಬೇಕಾಯಿತು.

ತಂದೆಯವರ ನೋಟುಬುಕ್ಕು ಈ ಹದಗೊಳಿಸುವಿಕೆಯ ದಾಖಲೆ. "ಹೆಡ್ಡು ೧.೫ ಮಿ.ಮೀ. ಸವರಿದೆ" ಎಂದು ಒಂದು ಕಡೆ ಬರೆದಿದ್ದಾರೆ. ಸಿಲಿಂಡರ್ ಹೆಡ್ಡಿನ ತಳವನ್ನು ಸವರಿದರೆ ಉರಿಯುವ ಕೋಣೆ ಚಿಕ್ಕದಾಗುತ್ತದೆ, ಗಾಳಿ ಇನ್ನಷ್ಟು ಒತ್ತಿಕೊಳ್ಳುತ್ತದೆ, ಬಲ ಏರುತ್ತದೆ. ಗಾಳಿಯ ದಾರಿಗಳನ್ನು ಅರದಿಂದ ಉಜ್ಜಿ ಎಮರಿ ಕಾಗದದಿಂದ ನುಣುಪು ಮಾಡುವುದು. ಒಂದು ಕಾರ್ಬ್ಯುರೇಟರಿನ ಜಾಗದಲ್ಲಿ ಎರಡು ಕೂರಿಸುವುದು. ಕ್ಯಾಮ್ ಶಾಫ್ಟಿನ ಉಬ್ಬನ್ನು ಮತ್ತೆ ಸಾಣೆ ಹಿಡಿದು ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವುದು. ನಾಲ್ಕು ಪಿಸ್ಟನ್ನುಗಳನ್ನೂ ನಾಲ್ಕು ರಾಡುಗಳನ್ನೂ ತಕ್ಕಡಿಯಲ್ಲಿ ತೂಗಿ, ಎಲ್ಲಕ್ಕಿಂತ ಹಗುರಾದದ್ದಕ್ಕೆ ಸಮವಾಗುವವರೆಗೆ ಉಳಿದವನ್ನು ಅರದಿಂದ ಸವೆಸುವುದು. ಈ ತೂಗುವ ಕೆಲಸಕ್ಕೆ ಪರಿಚಯದ ಅಕ್ಕಸಾಲಿಗರೊಬ್ಬರ ತಕ್ಕಡಿಯನ್ನು ರಾತ್ರಿ ಹೊತ್ತು ಕೇಳಿ ತರುತ್ತಿದ್ದರಂತೆ. ಅಂಗಡಿ ತೆರೆಯುವ ಮೊದಲು ಹಿಂತಿರುಗಿಸಬೇಕು, ಎಣ್ಣೆಯ ಕಲೆ ಇರಕೂಡದು.

ಹಾಗಾದರೆ ಆ ದಿನಗಳಲ್ಲಿ ಟರ್ಬೊ ಏಕೆ ಹಾಕಲಿಲ್ಲ ಎಂದು ಒಮ್ಮೆ ಕೇಳಿದೆ. "ಲೇತಿನಲ್ಲಿ ಎಲ್ಲ ಮಾಡಬಹುದು ಕಣೋ, ಅದೊಂದನ್ನು ಮಾಡಲಾಗದು" ಎಂದರು. ಹೊಗೆಯ ಬದಿಯ ಚಕ್ರ ಕೆಂಪಗೆ ಕಾದು, ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಬೇಕು. ಅದಕ್ಕೆ ನಿಕ್ಕಲ್ ಬೆರೆಸಿದ ವಿಶೇಷ ಲೋಹ ಬೇಕು, ಕೂದಲಿನಷ್ಟೂ ಓಲಾಡದ ಸಮತೋಲ ಬೇಕು. ನಮ್ಮ ನಗರದಲ್ಲೇ ಅದು ತಯಾರಾಗಲು ೧೯೮೨ರಲ್ಲಿ ಆರಂಭವಾದ ಟರ್ಬೊ ಎನರ್ಜಿ ಕಂಪನಿ ಬರಬೇಕಾಯಿತು, ಅದೂ ಜರ್ಮನಿಯ ಕೆ.ಕೆ.ಕೆ. ಕಂಪನಿಯ ತಾಂತ್ರಿಕ ನೆರವಿನಿಂದ. ಅವು ಹೋದದ್ದು ಓಟದ ಕಾರಿಗಲ್ಲ; ಡೀಸೆಲ್ ಲಾರಿ, ಬಸ್ಸುಗಳಿಗೆ. ಓಟದವರು ವೇಗಕ್ಕೆ ಬಯಸಿದ ವಸ್ತು ನಮ್ಮ ದೇಶದಲ್ಲಿ ಹೆಚ್ಚಾಗಿ ಘಾಟಿಯಲ್ಲಿ ಸಾಮಾನು ಹೊತ್ತಿದೆ.

ಬೆಂಗಳೂರು ಶೋಲಾವರಕ್ಕೆ ಕೊಟ್ಟದ್ದು ಬೇರೊಂದು ಪಾಠ. ೧೯೮೨ರಲ್ಲಿ ಸಿಪಾನಿ ಕಂಪನಿ ಬೆಂಗಳೂರಿನಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿ. ಮೈ ಫೈಬರ್ ಗ್ಲಾಸಿನದು, ಇಂಜಿನು ೮೪೮ ಸಿ.ಸಿ.ಯದು, ಪೂರ್ತಿ ಅಲ್ಯೂಮಿನಿಯಮ್. ಮಾರುತಿ ಬಂದ ಮೇಲೆ ಸಂಸಾರಸ್ಥರು ಅದನ್ನು ಮರೆತರು, ಓಟದವರು ಮರೆಯಲಿಲ್ಲ. ಕಾರು ಹಗುರಾಗಿದ್ದರೆ ಇಂಜಿನಿಗೆ ಬಲ ತುಂಬುವ ಅಗತ್ಯವೇ ಕಡಿಮೆಯಾಗುತ್ತದಲ್ಲವೆ? ರ‍್ಯಾಲಿಗಳಲ್ಲಿ ಡಾಲ್ಫಿನ್‌ಗೆ ಒಳ್ಳೆಯ ಹೆಸರು ಬಂದದ್ದು ಹಾಗೆ. ತಂದೆಯವರು ಎರಡು ಡಾಲ್ಫಿನ್ ಇಂಜಿನುಗಳನ್ನು ಕಟ್ಟಿದ್ದರು. ಒಂದರ ಲೆಕ್ಕ ಉಳಿದಿದೆ, ಇನ್ನೊಂದು ಪೇಪರಿನವನ ಪಾಲಾಯಿತು. ಅದೇ ಕಾಲಕ್ಕೆ ಕೊಯಮತ್ತೂರಿನ ಎಸ್. ಕರಿವರ್ಧನರು ಮಾರುತಿ ಇಂಜಿನಿನಿಂದ ಒಂಟಿ ಆಸನದ ಓಟದ ಕಾರುಗಳನ್ನು ಕಟ್ಟಿಸಿ, ಕಡಿಮೆ ಖರ್ಚಿನಲ್ಲಿ ಹುಡುಗರು ಓಡುವಂತೆ ಮಾಡಿದರು. ೧೯೯೫ರಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡ ದಿನ ತಂದೆಯವರು ರಾತ್ರಿ ಊಟ ಮಾಡಲಿಲ್ಲವೆಂದು ತಾಯಿ ಹೇಳುತ್ತಾರೆ. ಪರಿಚಯವೇನೂ ಇರಲಿಲ್ಲ.

ಶೋಲಾವರದ ಓಟಗಳು ಮುಗಿದವು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು ೩.೭ ಕಿಲೋಮೀಟರಿನ ಹೊಸ ಓಟದ ಹಾದಿ ಸಿದ್ಧವಾಯಿತು. ಆಮದಿನ ಬಾಗಿಲೂ ತೆರೆಯಿತು. ತಂದೆಯವರ ಭಾನುವಾರದ ಕೆಲಸ ಕ್ರಮೇಣ ನಿಂತಿತು. ಕಾರ್ಖಾನೆಯ ಸದ್ದಿನಿಂದ ಎಡಗಿವಿ ಮಂದವಾಗಿತ್ತು. ನಿವೃತ್ತರಾಗಿ ವಿಲ್ಲಿವಾಕ್ಕಂ ಮನೆಯ ಜಗುಲಿಯಲ್ಲಿ ಪತ್ರಿಕೆ ಓದುತ್ತ ಕುಳಿತರು.

ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆಯನ್ನು ಮುಂದುವರಿಸಿದವನು ನನ್ನ ತಮ್ಮ. ಅವನು ಕಂಪ್ಯೂಟರ್ ಕೆಲಸದವನು. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಮೂರು ಸಿಲಿಂಡರಿನ, ೮೦೦ ಸಿ.ಸಿ.ಯ ಒಂದು ಹಳೆಯ ಕಾರನ್ನು ಕೊಂಡು, ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ನಿಲ್ಲಿಸಿದ. ಪುದುಪೇಟೆಯ ಹಳೆಯ ಬಿಡಿಭಾಗಗಳ ಬೀದಿಯಲ್ಲಿ ಅಪಘಾತವಾದ ಡೀಸೆಲ್ ಕಾರಿನಿಂದ ಬಿಚ್ಚಿದ ಚಿಕ್ಕ ಟರ್ಬೊ ಒಂದು ಅವನಿಗೆ ಸಿಕ್ಕಿತು. ಮೂರು ವಾರದಲ್ಲಿ ಜೋಡಿಸಿಬಿಟ್ಟ. ತಂದೆಯವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರು ಮೊದಲ ದಿನ ಗಾಳಿಯಂತೆ ಹೋಯಿತು, ಎರಡನೆಯ ದಿನವೂ ಹೋಯಿತು. ಮೂರನೆಯ ದಿನ ನೀಲಿ ಹೊಗೆ ಬಿಟ್ಟು ನಿಂತಿತು.

ಬಿಚ್ಚಿ ನೋಡಿದಾಗ ಮಧ್ಯದ ಪಿಸ್ಟನ್ನಿನ ರಿಂಗುಗಳ ನಡುವಿನ ಅಂಚು ಮುರಿದು ಪುಡಿಯಾಗಿತ್ತು. ತಂದೆಯವರು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಬೈಯುತ್ತಾರೆಂದು ನಾವಿಬ್ಬರೂ ಕಾದೆವು. ಅವರು ಎದ್ದುಹೋಗಿ ಟ್ರಂಕಿನಿಂದ ಮೈಕ್ರೊಮೀಟರ್ ತಂದರು.

ಅನಂತರದ ನಾಲ್ಕು ತಿಂಗಳ ಭಾನುವಾರಗಳಲ್ಲಿ ನಾನು ಕಲಿತದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಬ್ಯಾಂಕಿನವನಾದ ನನಗೆ ಅದು ಸಾಲದ ಲೆಕ್ಕದಂತೆ ತೋರಿತು. ಟರ್ಬೊ ಇಂಜಿನಿಗೆ ಸಾಲ ಕೊಡುತ್ತದೆ. ತೀರಿಸಬೇಕಾದವು ಒಳಗಿನ ಲೋಹದ ತುಂಡುಗಳು. ಎಲ್ಲಕ್ಕಿಂತ ಬಡವನಾದ ತುಂಡು ಮೊದಲು ದಿವಾಳಿಯಾಗುತ್ತದೆ. ಅದನ್ನು ಗಟ್ಟಿಮಾಡಿದರೆ ಅದರ ಪಕ್ಕದ್ದು.

ಮೊದಲನೆಯದು ಶಾಖ. ನಮ್ಮೂರಿನ ೩೫ ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ ಅದು ಟರ್ಬೊದಿಂದ ಹೊರಬರುವಾಗ ಸುಮಾರು ೯೦ ಡಿಗ್ರಿಗೆ ಏರಿರುತ್ತದೆ. ಅಷ್ಟು ಬಿಸಿಯ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತಿದಾಗ ಪೆಟ್ರೋಲು ಕಿಡಿಯಿಂದ ಹಬ್ಬುವ ಉರಿ ತಲುಪುವವರೆಗೆ ಕಾಯದೆ ತಾನೇ ಸಿಡಿಯುತ್ತದೆ. ಇದೇ ನಾಕಿಂಗ್, ತಂದೆಯವರ ಭಾಷೆಯಲ್ಲಿ "ಕಟಕಟ". ಉರಿಯುವುದು ಬೇರೆ, ಸಿಡಿಯುವುದು ಬೇರೆ. ಉರಿ ಪಿಸ್ಟನ್ನನ್ನು ತಳ್ಳುತ್ತದೆ, ಸಿಡಿತ ಸುತ್ತಿಗೆಯಿಂದ ಬಡಿಯುತ್ತದೆ. ತಮ್ಮನ ಪಿಸ್ಟನ್ ಮುರಿದದ್ದು ಸುತ್ತಿಗೆಯ ಏಟಿನಿಂದಲೇ.

ಇಲ್ಲಿ ಒಂದು ವಿಚಿತ್ರವಿದೆ. ಶೋಲಾವರದ ಕಾಲದಲ್ಲಿ ಬಲಕ್ಕಾಗಿ ಹೆಡ್ಡನ್ನು ಸವರಿ ಒತ್ತಡ ಏರಿಸುತ್ತಿದ್ದವರು ಈಗ ಅದನ್ನು ಇಳಿಸಬೇಕಾಯಿತು. ಗಾಳಿ ಮೊದಲೇ ಒತ್ತಿಕೊಂಡು ಬರುವಾಗ ಒಳಗೆ ಮತ್ತೆ ಅಷ್ಟೇ ಒತ್ತಬಾರದು. ಒಂಬತ್ತರ ಹತ್ತಿರವಿದ್ದ ಪ್ರಮಾಣವನ್ನು, ಹೊಸ ಪಿಸ್ಟನ್ನುಗಳ ನೆತ್ತಿಯಲ್ಲಿ ಬಟ್ಟಲಿನಂತೆ ಗುಳಿ ತೋಡಿ, ಎಂಟಕ್ಕೆ ತಂದೆವು. ಗ್ಯಾಸ್ಕೆಟ್ಟನ್ನು ದಪ್ಪ ಮಾಡಿ ಇಳಿಸಬಹುದಲ್ಲ ಎಂದು ತಮ್ಮ ಕೇಳಿದ. "ಬಾಗಿಲು ಸಂದಿ ಬಿಟ್ಟು ಚಿಲಕ ಹಾಕಿದ ಹಾಗೆ" ಎಂಬ ಉತ್ತರ ಬಂತು.

ಪಿಸ್ಟನ್ನುಗಳು ಎರಕದವಲ್ಲ, ಕಾಯಿಸಿ ಬಡಿದು ಮಾಡಿದವು. ಎರಕದಲ್ಲಿ ಲೋಹದ ಕಣ ಹೇಗೆಂದರೆ ಹಾಗೆ ಕೂತಿರುತ್ತದೆ, ಬಡಿದದ್ದರಲ್ಲಿ ಎಳೆ ಹಿಡಿದಿರುತ್ತದೆ. ಆದರೆ ಬಡಿದದ್ದು ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಸಿಲಿಂಡರಿನಲ್ಲಿ ಸ್ವಲ್ಪ ಸಡಿಲ ಬೇಕು. ಬೆಳಿಗ್ಗೆ ತಣ್ಣಗಿರುವಾಗ ಗಲಗಲ ಸದ್ದು ಮಾಡಿದರೆ ಹೆದರಬೇಕಿಲ್ಲ. ರಿಂಗಿನ ಎರಡು ತುದಿಗಳ ನಡುವಿನ ಸಂದಿಯ ವಿಷಯದಲ್ಲಿ ಅವರು ಒಂದು ಇಡೀ ಭಾನುವಾರ ಕಳೆದರು. ೬೮.೫ ಮಿ.ಮೀ. ಬೋರಿಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಸಂದಿ ಸಾಕು. ಟರ್ಬೊ ಇದ್ದರೆ ೦.೪ ಬೇಕು. ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ತಗುಲಿದರೆ ರಿಂಗು ಎಲ್ಲಿಗೆ ಹೋಗಬೇಕು? ಅಂಚನ್ನು ಮುರಿದುಕೊಂಡೇ ಹೋಗಬೇಕು. ಮೂರು ಪಿಸ್ಟನ್ನಿನ ರಿಂಗುಗಳನ್ನೂ ಒಂದೊಂದಾಗಿ ಸಿಲಿಂಡರಿನಲ್ಲಿ ಕೂರಿಸಿ, ತೆಗೆದು, ಅರದಿಂದ ಎರಡು ಸವರು ಸವರಿ, ಮತ್ತೆ ಕೂರಿಸಿ ಅಳೆದರು. ನಾನು ಸಂಖ್ಯೆಗಳನ್ನು ಬರೆದುಕೊಂಡೆ. ಅವರ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಈಗ ನನ್ನ ಕೈಬರಹವೂ ಇದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹೆಡ್ಡನ್ನು ಹಿಡಿದಿಡುವ ಬೋಲ್ಟುಗಳ ಬದಲು ಹೆಚ್ಚು ಗಟ್ಟಿ ಉಕ್ಕಿನ ಸ್ಟಡ್ಡುಗಳು. ಗಾಳಿಯನ್ನು ತಣಿಸಲು ಮುಂದೆ ಒಂದು ಇಂಟರ್‌ಕೂಲರ್. ಹೆಚ್ಚಿದ ಗಾಳಿಗೆ ತಕ್ಕ ಹೆಚ್ಚು ಪೆಟ್ರೋಲು ಸುರಿಯುವ ದೊಡ್ಡ ಇಂಜೆಕ್ಟರುಗಳು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಹೋದುದೇ ಮೊದಲ ಸಲದ ಅನಾಹುತಕ್ಕೆ ಅರ್ಧ ಕಾರಣ. ಅದರ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸುವುದು ತಮ್ಮನ ಪಾಲಿಗೆ ಬಂತು. ಆ ಒಂದು ಕೆಲಸದಲ್ಲಿ ತಂದೆಯವರು ಅವನ ಪಕ್ಕ ಸ್ಟೂಲು ಹಾಕಿಕೊಂಡು ವಿದ್ಯಾರ್ಥಿಯಂತೆ ಕುಳಿತಿದ್ದರು.

ಬ್ಲಾಕನ್ನು ಮಾತ್ರ ಬದಲಾಯಿಸಲು ಅವರು ಒಪ್ಪಲಿಲ್ಲ. ಹೊಸ ಎರಕಕ್ಕಿಂತ ಸಾವಿರಾರು ಮೈಲಿ ಓಡಿದ ಹಳೆಯ ಎರಕವೇ ವಾಸಿ, ಕಾದು ತಣಿದು ಕಾದು ತಣಿದು ಅದರೊಳಗಿನ ಬಿಗುಪು ಬಿಟ್ಟಿರುತ್ತದೆ ಎಂಬುದು ಅವರ ವಾದ. ಮುದುಕರ ಮಾತೆಂದು ತಮ್ಮ ನಕ್ಕ. ಆಮೇಲೆ ಅವನೇ ಓದಿ ಬಂದು ಹೇಳಿದ: ೧೯೮೩ರಲ್ಲಿ ನೆಲ್ಸನ್ ಪಿಕೆ ಟರ್ಬೊ ಕಾರಿನಲ್ಲಿ ಮೊದಲ ಬಾರಿಗೆ ಫಾರ್ಮುಲಾ ಒನ್ ಪ್ರಪಂಚ ಚಾಂಪಿಯನ್ ಆದಾಗ, ಆ ಬ್ರಾಭಮ್ ಕಾರಿನಲ್ಲಿದ್ದ ೧೫೦೦ ಸಿ.ಸಿ.ಯ ಬಿ.ಎಂ.ಡಬ್ಲ್ಯು. ಇಂಜಿನಿನ ಕಬ್ಬಿಣದ ಬ್ಲಾಕು ರಸ್ತೆಯ ಕಾರಿನದೇ. ಬಹಳ ದೂರ ಓಡಿ ಹಳತಾದ ಬ್ಲಾಕುಗಳನ್ನೇ ಆಯ್ದು ತರುತ್ತಿದ್ದರೆಂದು ಪ್ರತೀತಿ. ತಂದೆಯವರು ಇದನ್ನು ಕೇಳಿ ಏನೂ ಹೇಳಲಿಲ್ಲ, ಕಾಫಿ ತರಲು ಹೇಳಿದರು.

ಎಣ್ಣೆಯ ವಿಷಯವೊಂದನ್ನು ಬಿಡುವಂತಿಲ್ಲ. ಟರ್ಬೊದ ಅಚ್ಚು ತೇಲುವುದು ಇಂಜಿನಿನ ಎಣ್ಣೆಯ ತೆಳು ಪದರದ ಮೇಲೆ. ಎಣ್ಣೆ ಒತ್ತಡದಿಂದ ಮೇಲಿನಿಂದ ಬಂದು, ದಪ್ಪ ಕೊಳವೆಯಲ್ಲಿ ತಾನಾಗಿ ಕೆಳಗಿಳಿಯಬೇಕು; ಎಲ್ಲಿಯೂ ಏರು ಇರಬಾರದು. ವೇಗವಾಗಿ ಓಡಿಸಿ ಬಂದವನು ಥಟ್ಟನೆ ಇಂಜಿನು ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಕಾದ ಅಚ್ಚಿನ ಬಳಿ ನಿಂತ ಎಣ್ಣೆ ಬೆಂದು ಇದ್ದಿಲಾಗುತ್ತದೆ. ನಾಲ್ಕಾರು ಸಲ ಹೀಗಾದರೆ ಟರ್ಬೊ ಮುಗಿಯಿತು. ತಮ್ಮ ಮೊದಲ ಮೂರು ದಿನವೂ ಇದನ್ನೇ ಮಾಡಿದ್ದ.

ಇಂಥ ಕಾರನ್ನು ರಸ್ತೆಯಲ್ಲಿ ಓಡಿಸುವುದು ಕಾನೂನಿಗೆ ವಿರುದ್ಧವೆಂಬುದನ್ನು ಈ ಸಂಚಿಕೆ ಓದುವ ತರುಣರಿಗೆ ತಿಳಿಸಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ತಮ್ಮ ಮೊದಲ ಮೂರು ದಿನ ಮಾಡಿದ್ದು ತಪ್ಪು, ಬದುಕಿ ಬಂದದ್ದು ಅದೃಷ್ಟ. ಆ ಕಾರಿಗೆ ಹಳೆಯ ಬ್ರೇಕುಗಳೇ ಇದ್ದವು. ಈಗ ಕಾರು ಓಟದ ಹಾದಿಗೆ ಮಾತ್ರ ಮೀಸಲು, ಲಾರಿಯ ಮೇಲೆ ಹೋಗಿ ಲಾರಿಯ ಮೇಲೆ ಬರಬೇಕು ಎಂದು ತಂದೆಯವರು ಷರತ್ತು ಹಾಕಿದ್ದಾರೆ. ಬ್ರೇಕು ಬದಲಾಗುವವರೆಗೆ ಅದೂ ಇಲ್ಲ.

ಕಳೆದ ಆಷಾಢದ ಒಂದು ಸಂಜೆ ಇಂಜಿನನ್ನು ಎರಡನೆಯ ಬಾರಿ ಚಾಲೂ ಮಾಡಿದೆವು. ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಕ್ಷಮೆ ಕೇಳಿಕೊಂಡಿದ್ದಾಯಿತು. ತಾಯಿ ಬಾಗಿಲಲ್ಲಿ ನಿಂತು, "ರೀ, ಹತ್ತಿರ ಹೋಗಬೇಡಿ" ಎಂದರು. ತಂದೆಯವರು ಹೋಗದೆ ಇರುತ್ತಾರೆಯೆ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ, ಸರಿಯಾಗಿ ಕೇಳಿಸುವ ಕಿವಿಗೆ, ಇಟ್ಟುಕೊಂಡು ಕಣ್ಣು ಮುಚ್ಚಿದರು. ಮೊದಲನೆಯ ಸಿಲಿಂಡರ್, ಎರಡನೆಯದು, ಮೂರನೆಯದು. ತಮ್ಮ ವೇಗ ಏರಿಸಿದ. ಟರ್ಬೊ ಶಿಳ್ಳೆ ಹಾಕಿತು. ಇಳಿಸಿದ. ಮತ್ತೆ ಏರಿಸಿದ. ಕಟಕಟ ಇಲ್ಲ.

"ಆರಿಸಲಾ ಅಪ್ಪಾ?" ಎಂದು ತಮ್ಮ ಕೂಗಿದ.

ಅವರು ಕಣ್ಣು ತೆರೆಯದೆ ಕೈ ಎತ್ತಿದರು. "ಇರಪ್ಪಾ. ಎರಡು ನಿಮಿಷ ಹಾಗೇ ಓಡಲಿ. ಎಣ್ಣೆ ತಣಿಯಲಿ."